ಐ.ಸಿ.ಯು.ನಲ್ಲಿ ಸಕ್ಕರೆಯ ಲೆಕ್ಕ

ಕಳೆದ ಮಳೆಗಾಲದಲ್ಲಿ ಇಚಲಕರಂಜಿಗೆ ಹೊಂದಿಕೊಂಡಿರುವ ಶಹಾಪುರದ ನಮ್ಮ ಪರಿಚಯದ ತಾಯಿಯೊಬ್ಬರು ಆಸ್ಪತ್ರೆ ಸೇರಿದರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈ ಸಲ ಮೂತ್ರದ ಸೋಂಕು ರಕ್ತಕ್ಕೆ ಸೇರಿ ರಕ್ತದೊತ್ತಡ ಕುಸಿದಿತ್ತು, ಮಾತು ತೊದಲುತ್ತಿತ್ತು. ನಾವು ನೋಡಿಬರಲು ಹೋದಾಗ ಅವರ ಮಗ ಪಾವರ್‌ಲೂಮಿನ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದು ಐ.ಸಿ.ಯು. ಬಾಗಿಲ ಹೊರಗೆ ಕುಳಿತಿದ್ದ.

“ಮನಿಯಾಗ ಬೆರಳಿಗೆ ಚುಚ್ಚಿ ಶುಗರ್ ನೋಡ್ತಿದ್ವಿರಿ. ಇಲ್ಲಿ ಅವ್ವನ ಮಣಿಕಟ್ಟಿಗೆ ಪೈಪ್ ಹಾಕಿ ಅದರಿಂದ ರಕ್ತ ತಗೀತಾರ. ಮ್ಯಾಲ ಶುಗರ್ 170 ಐತಿ ಅಂದ್ರೂ ಡಾಕ್ಟರ್ ಸುಮ್ಮನದಾರ. ಮನಿಯಾಗ ಇಷ್ಟ ಬಂದ್ರ ನಮಗ ಬೈತಿದ್ರು” ಎಂದ.

ಈ ಎರಡು ಪ್ರಶ್ನೆಗಳು ಅವನೊಬ್ಬನವಲ್ಲ. ಆದ್ದರಿಂದ ಈ ತಿಂಗಳು ಅವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಆ ಪೈಪಿನ ವಿಷಯ. ವೈದ್ಯರು ನಾಡಿ ಹಿಡಿದು ನೋಡುವ ಜಾಗದಲ್ಲಿ, ಹೃದಯದಿಂದ ಹೊರಟ ರಕ್ತ ಹರಿಯುವ ಅಪಧಮನಿಯೊಳಗೆ ಒಂದು ಸಣ್ಣ ಮೆತ್ತನೆಯ ನಳಿಕೆ ಸೇರಿಸಿರುತ್ತಾರೆ. ಅದೇ ಆರ್ಟೀರಿಯಲ್ ಲೈನ್. ಅದರ ಮೊದಲ ಕೆಲಸ ರಕ್ತದೊತ್ತಡವನ್ನು ಹೃದಯದ ಬಡಿತಬಡಿತಕ್ಕೂ ಪರದೆಯ ಮೇಲೆ ತೋರಿಸುವುದು. ಪದೇ ಪದೇ ಚುಚ್ಚದೆ ಪರೀಕ್ಷೆಗೆ ರಕ್ತ ತೆಗೆಯಲೂ ಅದೇ ದಾರಿಯಾಗುತ್ತದೆ.

ಹಾಗಾದರೆ ಬೆರಳು ಏಕೆ ಸಾಲದು? ರಕ್ತದೊತ್ತಡ ಕುಸಿದಾಗ ದೇಹವು ಮೆದುಳು, ಹೃದಯಗಳಿಗೆ ರಕ್ತ ಉಳಿಸಿ ಕೈಕಾಲುಗಳಿಗೆ ಕಡಿಮೆ ಮಾಡುತ್ತದೆ. ಒತ್ತಡ ಏರಿಸಲು ಕೊಡುವ ಔಷಧಿಗಳೂ ಬೆರಳಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಕೈ ತಣ್ಣಗಾಗಿ, ಕೆಲವೊಮ್ಮೆ ಊದಿಕೊಂಡಿರುತ್ತದೆ. ಅಂಥ ಬೆರಳಿನ ಹನಿಯಲ್ಲಿ ಸಿಗುವ ಅಂಕಿಗೂ ಮೆದುಳಿಗೆ ಹೋಗುವ ರಕ್ತದ ಸಕ್ಕರೆಗೂ ಬಹಳ ಅಂತರವಿರಬಹುದು. ರಕ್ತಹೀನತೆ ಇದ್ದರೆ ಗ್ಲುಕೋಮೀಟರ್ ಇರುವುದಕ್ಕಿಂತ ಹೆಚ್ಚೇ ತೋರಿಸಬಹುದು. ಇನ್‌ಸುಲಿನ್ ಹನಿಹನಿಯಾಗಿ ಹೋಗುತ್ತಿರುವಾಗ ಈ ತಪ್ಪು ಸಣ್ಣದಲ್ಲ. ಸಕ್ಕರೆ ಇಳಿದರೆ ನಮಗೆ ಬೆವರು ಬರುತ್ತದೆ, ಕೈ ನಡುಗುತ್ತದೆ, ಹಸಿವೆಯಾಗುತ್ತದೆ. ನಿದ್ದೆಯ ಔಷಧಿಯಲ್ಲಿ ಮಲಗಿದ ರೋಗಿ ಏನನ್ನೂ ಹೇಳಲಾರರು. ಆದ್ದರಿಂದಲೇ ಲೈನ್ ಇರುವವರಲ್ಲಿ ಅಲ್ಲಿಂದಲೇ ರಕ್ತ ತೆಗೆಯುವುದು ಮೇಲು ಎನ್ನುತ್ತಾರೆ.

ಆದರೆ ಈ ಲೈನಿಗೂ ಒಂದು ಅಪಾಯವಿದೆ. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ, ಗಾಳಿ ತುಂಬಿದ ಪಟ್ಟಿಯಿಂದ ಒತ್ತಿದ ಚೀಲವೊಂದರಿಂದ ತಾಸಿಗೆ ಸುಮಾರು 3 ಮಿ.ಲೀ. ದ್ರವ ಹರಿಯುತ್ತಲೇ ಇರುತ್ತದೆ. ಅದು ಉಪ್ಪುನೀರೇ ಆಗಿರಬೇಕು. ನಮ್ಮ ಕಡೆ ಕಂಬಕ್ಕೆ ತೂಗುಹಾಕಿದ ಬಾಟಲಿಯೆಲ್ಲ ಬಾಯಿಮಾತಿನಲ್ಲಿ ‘ಸಲಾಯಿನ್’ ತಾನೆ? ಒಳಗೆ ಉಪ್ಪುನೀರಿದ್ದರೂ ಅದೇ ಹೆಸರು, ಗ್ಲೂಕೋಸ್ ಇದ್ದರೂ ಅದೇ. ಚೀಲಗಳೂ ನೋಡಲು ಒಂದೇ ಥರ. ಒತ್ತುವ ಪಟ್ಟಿ ಸುತ್ತಿದ ಮೇಲೆ ಚೀಟಿಯೂ ಮುಚ್ಚಿಹೋಗುತ್ತದೆ. ಅಲ್ಲಿ ಕೈತಪ್ಪಿ 5% ಗ್ಲೂಕೋಸ್ ಬಂದು ಕುಳಿತಿತೆನ್ನಿ. ಅದರ 100 ಮಿ.ಲೀ.ಯಲ್ಲಿ 5000 ಮಿ.ಗ್ರಾಂ. ಸಕ್ಕರೆ. ರೋಗಿಯ ನಿಜವಾದ ಶುಗರ್ 100 ಇದ್ದು, ತೆಗೆದ ನೂರು ಹನಿಯಲ್ಲಿ ನಾಲ್ಕೇ ಹನಿ ಆ ನೀರು ಬೆರೆತರೂ ಯಂತ್ರ ಸುಮಾರು 300 ಎಂದು ತೋರಿಸುತ್ತದೆ. ಅದನ್ನು ನಂಬಿ ಇನ್‌ಸುಲಿನ್ ಏರಿಸಿದರೆ, ಮೆದುಳು ಸಕ್ಕರೆಯಿಲ್ಲದೆ ಉಪವಾಸ ಬೀಳುತ್ತದೆ.

ಇದು ಬರೀ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ಇಂಥ ತಪ್ಪುಗಳಿಂದ ರೋಗಿಗಳಿಗೆ ಹಾನಿಯಾದ ಮೇಲೆ, 2008ರಲ್ಲಿ ಅಲ್ಲಿನ ರೋಗಿ ಸುರಕ್ಷತಾ ಸಂಸ್ಥೆ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕಳಿಸಿತು. 2014ರಲ್ಲಿ ಅರಿವಳಿಕೆ ತಜ್ಞರ ಸಂಘವೂ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮೊದಲು ಬಂದ ರಕ್ತವನ್ನು ಬದಿಗಿಟ್ಟು ಆಮೇಲಿನದನ್ನು ಪರೀಕ್ಷಿಸುವ ಪದ್ಧತಿ ಇದ್ದೇ ಇದೆ. ಚೀಲವೇ ತಪ್ಪಾಗಿದ್ದರೆ ಅದೊಂದನ್ನೇ ನಂಬಿ ಕೂರಲಾಗದು. ಪಾಳಿ ಬದಲಾಗುವಾಗ ನರ್ಸಮ್ಮನವರು ಚೀಲದ ಹೆಸರು ಓದುತ್ತ ನಿಲ್ಲುವುದನ್ನು ಕಂಡರೆ ‘ಸುಮ್ಮನೆ ಕಾಲ ಕಳೀತಾರೆ’ ಅನ್ನಬೇಡಿ.

ಇನ್ನು ಆ 170. ಕಠಿಣ ಕಾಯಿಲೆಯಲ್ಲಿ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಸಕ್ಕರೆ ಏರುತ್ತದೆ. 2001ರಲ್ಲಿ ಬೆಲ್ಜಿಯಮ್ಮಿನ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗ್ರೀಟ್ ವಾನ್ ಡೆನ್ ಬರ್ಗ್ ಎಂಬ ವೈದ್ಯೆ ಮತ್ತು ಅವರ ತಂಡದವರು, ಶಸ್ತ್ರಚಿಕಿತ್ಸೆಯ ಐ.ಸಿ.ಯು.ನ 1548 ರೋಗಿಗಳ ಅಧ್ಯಯನದಲ್ಲಿ, ಸಕ್ಕರೆಯನ್ನು 80ರಿಂದ 110ರೊಳಗೆ ಬಿಗಿಯಾಗಿ ಹಿಡಿದರೆ ಸಾವು ಕಡಿಮೆಯಾಗುವುದೆಂದು ತೋರಿಸಿದರು. ಅವರು ಅಳೆದದ್ದೂ ಅಪಧಮನಿಯ ರಕ್ತವನ್ನೇ. ಜಗತ್ತೆಲ್ಲ ಆ ದಾರಿ ಹಿಡಿಯಿತು. ಆದರೆ 2009ರಲ್ಲಿ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾ ಮೊದಲಾದ ಕಡೆಯ 6104 ರೋಗಿಗಳನ್ನು ಸೇರಿಸಿಕೊಂಡ ‘ನೈಸ್-ಶುಗರ್’ ಅಧ್ಯಯನ ಬೇರೆಯೇ ಹೇಳಿತು. ಬಿಗಿ ಹಿಡಿದವರಲ್ಲಿ 27.5% ಜನ 90 ದಿನದೊಳಗೆ ತೀರಿಕೊಂಡರು; 180ರವರೆಗೆ ಬಿಟ್ಟವರಲ್ಲಿ 24.9%. ಸಕ್ಕರೆ ಅಪಾಯಕರವಾಗಿ ಇಳಿದದ್ದೂ ಬಿಗಿ ಹಿಡಿದವರಲ್ಲೇ ಬಹಳ ಹೆಚ್ಚು. ಅಂದಿನಿಂದ ಸಾಮಾನ್ಯವಾಗಿ 180 ದಾಟಿದ ಮೇಲೆ ಇನ್‌ಸುಲಿನ್ ಶುರುಮಾಡಿ, 140-180ರ ನಡುವೆ ಇಡುವುದು ರೂಢಿ. ಡಾಕ್ಟರು ಸುಮ್ಮನಿದ್ದದ್ದು ಅಲಕ್ಷ್ಯದಿಂದಲ್ಲ.

ಹಾಗೆಂದು ಸಕ್ಕರೆಯನ್ನು ಏರಲು ಬಿಡುವುದೂ ಅಲ್ಲ. 2021ರ ಕೊರೋನಾ ಅಲೆಯಲ್ಲಿ ಸ್ಟಿರಾಯ್ಡ್ ಮತ್ತು ಏರಿದ ಸಕ್ಕರೆ ಜೊತೆಯಾದಾಗ ಬ್ಲ್ಯಾಕ್ ಫಂಗಸ್ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಎಷ್ಟು ಕಣ್ಣುಗಳನ್ನು ಕಸಿಯಿತೆಂಬುದು ಮರೆಯುವ ಮಾತೇ?

ಮನೆಯವರ ಪಾಲಿನ ಕೆಲಸವೂ ಇದೆ. ರೋಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿಯನ್ನು, ಇಲ್ಲವೇ ಖಾಲಿ ಚೀಟಿಗಳನ್ನಾದರೂ ತಂದುಕೊಡಿ. ಕಳ್ಳತನದಿಂದ ಎಳನೀರು, ಹಣ್ಣಿನ ರಸ ಕುಡಿಸಬೇಡಿ. ಲೈನಿರುವ ಕೈಯನ್ನು ಹೊದಿಕೆಯಡಿ ಮುಚ್ಚಬೇಡಿ; ಜೋಡಣೆ ಕಳಚಿದರೆ ರಕ್ತ ಬೇಗ ಸೋರುತ್ತದೆ, ಕಾಣದೆಯೂ ಹೋಗಬಹುದು. ಬೆರಳು ಬಿಳಚಿದರೆ, ನೀಲಿಗಟ್ಟಿದರೆ ಆಗಲೇ ಕೂಗಿ ಹೇಳಿ.

ಆ ತಾಯಿ ಆರನೆಯ ದಿನ ವಾರ್ಡಿಗೆ ಬಂದರು. ಅದಕ್ಕೂ ಮುಂಚೆ ಲೈನ್ ತೆಗೆದು, ಮಣಿಕಟ್ಟನ್ನು ಕೆಲವು ನಿಮಿಷ ಬಲವಾಗಿ ಒತ್ತಿ ಹಿಡಿದಿದ್ದರಂತೆ. ಈಗ ಶಹಾಪುರದ ಮನೆಯಲ್ಲಿ ಮತ್ತೆ ಬೆರಳಿನ ಪರೀಕ್ಷೆಯೇ, ಬಿ.ಪಿ. ಸರಿಯಿದ್ದು ಕೈ ಬೆಚ್ಚಗಿರುವವರಿಗೆ ಅದು ಸಾಕು. ಮೊನ್ನೆ ಶುಗರ್ 290 ಬಂತೆಂದು ಮಗ ಗಾಬರಿಯಿಂದ ಫೋನ್ ಮಾಡಿದ. ವಿಚಾರಿಸಿದರೆ, ಅವ್ವ ಆಗಷ್ಟೇ ಮೊಮ್ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟಿದ್ದರು. ಸೋಪಿನಿಂದ ಕೈ ತೊಳೆದು, ಒರೆಸಿ, ಬೇರೆ ಬೆರಳಿಗೆ ಚುಚ್ಚಿ ನೋಡಲು ಹೇಳಿದೆವು. 148 ಬಂತು.