ಓದಲೇಬೇಕಾದ ಹತ್ತು ಪುಸ್ತಕ... ಯಾರು ಓದಲೇಬೇಕು ಸ್ವಾಮಿ?

ಮತ್ತೊಂದು ಪಟ್ಟಿ ಬಂತು. 'ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಹತ್ತು ಪುಸ್ತಕಗಳು'. ತೆರೆಯೋಕೆ ಮುಂಚೆಯೇ ಒಳಗೇನಿದೆ ಅಂತ ನೀವೂ ಹೇಳ್ತೀರಿ, ನಾನೂ ಹೇಳ್ತೀನಿ. ಮಲೆಗಳಲ್ಲಿ ಮದುಮಗಳು, ಪರ್ವ, ಸಂಸ್ಕಾರ, ಕರ್ವಾಲೊ, ಮೂಕಜ್ಜಿಯ ಕನಸುಗಳು... ಒಳ್ಳೇ ಪುಸ್ತಕಗಳೇ, ಇಲ್ಲ ಅಂದೋರ್ಯಾರು? ನನ್ನ ತಕರಾರು ಆ 'ಲೇಬೇಕು' ಮೇಲೆ. ಇದನ್ನ ಓದು ಅನ್ನೋದು ಎದುರಿಗಿರೋ ಮನುಷ್ಯನನ್ನ ನೋಡಿ ಹೇಳೋ ಮಾತು. ಈ ಪಟ್ಟಿಗಳು ಯಾರ ಮುಖವನ್ನೂ ನೋಡಲ್ಲ. ಎಂ.ಎ. ಸಿಲಬಸ್ಸಿನ ಪಕ್ಕ ಇಟ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಇವುಗಳಲ್ಲಿ ತ್ರಿವೇಣಿ ಇರಲ್ಲ, ಗಮನಿಸಿದ್ದೀರಾ? ಹೊರಗಿನೋರ ಮಾತು ಬಿಡಿ, ಮೈಸೂರಲ್ಲೇ ಕೂತು ಪಟ್ಟಿ ಮಾಡೋ ನಮ್ಮ ಮಿತ್ರರಿಗೂ ನೆನಪಾಗಲ್ಲ. ಇದೇ ಊರಿನ ಮಹಾರಾಜಾ ಕಾಲೇಜಲ್ಲಿ ಮನಃಶಾಸ್ತ್ರ ಓದಿದ ಹೆಣ್ಣುಮಗಳು. 1963ರಲ್ಲಿ ತೀರಿಕೊಂಡಾಗ ಇನ್ನೂ 35 ತುಂಬಿರಲಿಲ್ಲ. ಅಷ್ಟರಲ್ಲೇ ಇಪ್ಪತ್ತರಷ್ಟು ಕಾದಂಬರಿ! ಇದೇ ಊರಿನ ವಾಣಿಯವರ 'ಎರಡು ಕನಸು' ಕೂಡ ಪಟ್ಟಿಗೆ ಹತ್ತಲ್ಲ, ಸಿನಿಮಾ ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ.

ಯಾಕೆ ಅಂತ ಕೇಳಿದ್ರೆ 'ಅದೆಲ್ಲ ಮಧ್ಯಾಹ್ನ ಊಟ ಆದ್ಮೇಲೆ ಹೆಂಗಸರು ಓದೋ ಕಾದಂಬರಿ' ಅನ್ನೋ ಉತ್ತರ ಬರುತ್ತೆ. ಹೌದು, ಊಟ ಆದ್ಮೇಲೇ ಓದ್ತಿದ್ರು. ಪಾತ್ರೆ ತೊಳೆದು, ಮಕ್ಕಳನ್ನ ಮಲಗಿಸಿ ಓದ್ತಿದ್ರು. ಕನ್ನಡ ಕಾದಂಬರಿಯನ್ನ ಕೈಯಿಂದ ಕೈಗೆ ದಾಟಿಸಿದ್ದೇ ಆ ಓದುಗರು. ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕೂತಿರೋ ಯಜಮಾನನಿಗೆ ಯಾರ ಮನೆಗೆ ಯಾವುದು ಹೋಗಿ ಬಂದಿದೆ ಅನ್ನೋದು ಲೆಡ್ಜರ್ ನೋಡದೆ ಗೊತ್ತಿರೋದು. ಕೊನೇ ಪುಟದಲ್ಲಿ ಪೆನ್ಸಿಲಲ್ಲಿ 'ಚೆನ್ನಾಗಿದೆ, ತಪ್ಪದೆ ಓದಿ' ಅಂತ ಯಾರೋ ಬರೆದಿರೋರು. ಅದರ ಕೆಳಗೆ ಇನ್ನೊಬ್ಬರು 'ಅಷ್ಟೇನಿಲ್ಲ' ಅಂತ ಗೀಚಿರೋರು. (ಕಥೆಯ ಕೊನೆಯನ್ನ ಮೊದಲ ಪುಟದಲ್ಲೇ ಬರೆದಿಡೋ ಮಹಾನುಭಾವರೂ ಇದ್ರು, ಅವರಿಗೆ ಕ್ಷಮೆಯಿಲ್ಲ.) ನಮ್ಮ ಯಾವ ಪಟ್ಟಿಗೆ ಇಷ್ಟು ಜೀವ ಇದೆ, ಹೇಳಿ?

ಇನ್ನು ಗುಣಮಟ್ಟದ ಮಾತು. 'ಶರಪಂಜರ' ಗೊತ್ತು ಅಂತೀರಿ. ಗೊತ್ತಿರೋದು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಕಲ್ಪನಾ. ಪುಸ್ತಕ ಎಷ್ಟು ಜನ ಓದಿದ್ದೀರಿ? ಹೆರಿಗೆ ನಂತರ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಕಾವೇರಿಗೆ ವಾಸಿಯಾಗುತ್ತೆ. ಸುತ್ತಲಿನವರ ಅನುಮಾನ ಮಾತ್ರ ವಾಸಿಯಾಗಲ್ಲ. ಬಾಣಂತಿಯ ಮನಸ್ಸಿನ ಕಾಯಿಲೆಯನ್ನ ದೆವ್ವ ಅನ್ನದೆ ಕಾಯಿಲೆ ಅಂತಲೇ ಕರೆದು, ಅರವತ್ತು ವರ್ಷದ ಹಿಂದೆ ಜನಪ್ರಿಯ ಕಾದಂಬರಿ ಬರೆದವರನ್ನ ಪಟ್ಟಿಯಿಂದ ಹೊರಗಿಡೋಕೆ ನಮಗೆ ಯಾವ ತಕ್ಕಡಿ ಇದೆ?

ಇದೇ ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಅಂತ ಒಬ್ಬರು. ಕೂಲಿ ಕೆಲಸದವರು, ಶಾಲೆ ಓದಿನ ಭಾಗ್ಯ ಇರಲಿಲ್ಲ. 2011ರಲ್ಲಿ ತಮ್ಮ ದುಡಿಮೆಯ ದುಡ್ಡಲ್ಲಿ ಸಾರ್ವಜನಿಕ ಗ್ರಂಥಾಲಯ ಶುರು ಮಾಡಿದ್ರು. ದಿನಾ ಪೇಪರ್ ತರಿಸಿ ಇಡೋರು. ಸುತ್ತಲಿನ ಜನ ಕನ್ನಡ ಓದಬೇಕು ಅನ್ನೋ ಹಂಬಲ. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದಕ್ಕೆ ಬೆಂಕಿ ಬಿತ್ತು, 11 ಸಾವಿರದಷ್ಟು ಪುಸ್ತಕ ಹೋಯ್ತು. ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಜನ ನೆರವಿಗೆ ಬಂದ್ರು. ಹತ್ತು ವರ್ಷ ಆ ಮನುಷ್ಯ ಮಾಡಿದ್ದು ಇಷ್ಟೇ: ಬಾಗಿಲು ತೆಗೆದು, ಪುಸ್ತಕ ಇಟ್ಟು, ಕೂರೋಕೆ ಜಾಗ ಕೊಟ್ಟಿದ್ದು. ಅವರು ಯಾವ ಹತ್ತು ಪುಸ್ತಕದ ಹೆಸರನ್ನೂ ಹೇಳೋಕೆ ಹೋಗಲಿಲ್ಲ. ನಾವೋ, ಕಪಾಟಿನ ಪುಸ್ತಕ ಯಾರಿಗೂ ಕೊಡಲ್ಲ, ಕೊಟ್ರೆ ವಾಪಸ್ ಬರಲ್ಲ ಅಂತ. ಪಟ್ಟಿ ಮಾತ್ರ ಧಾರಾಳ!

ಬ್ಲಾಗಿಗ ಮಿತ್ರರೇ, ಹತ್ತು ಬೇಡ, ಒಂದು ಹೇಳಿ. ಯಾರಿಗೆ ಅಂತ ಹೇಳಿ, ಯಾಕೆ ಅಂತ ಹೇಳಿ. ನಿಮ್ಮ ಹತ್ರ ಪ್ರತಿ ಇದ್ರೆ ಕೊಟ್ಟು ಕಳಿಸಿ.

ನನ್ನದು 'ಶರಪಂಜರ'. ಯಾರಿಗೆ ಅಂದ್ರೆ, ಹೆಂಡತಿಯನ್ನ ಬಾಣಂತನಕ್ಕೆ ತವರಿಗೆ ಕಳಿಸಿ ಈಗ ಒಬ್ಬನೇ ಹೋಟೆಲ್ ಊಟ ಮಾಡ್ಕೊಂಡಿರೋ ಗಂಡನಿಗೆ. ಅವಳು ಮಗು ಎತ್ಕೊಂಡು ವಾಪಸ್ ಬರೋದ್ರೊಳಗೆ ಓದಿ ಮುಗಿಸಬೇಕು. ಮುಗಿಸಿದ್ಮೇಲೆ ಅವನ ಅಮ್ಮನಿಗೆ ಕೊಡಬೇಕು. ನನ್ನ ಪ್ರತಿಯ ರಟ್ಟು ಕಿತ್ತಿದೆ, ಪರವಾಗಿಲ್ಲ ಅನ್ನೋದಾದ್ರೆ ಹೇಳಿ.