ಅಗ್ಗಕ್ಕೂ ಬಂಡವಾಳ ಬೇಕು

'ಕೊಳ್ಳುಬಾಕ' ಎಂಬ ಪದ ನಮ್ಮ ಬರಹಗಾರರ ಕೈಗೆ ತೀರಾ ಸಲೀಸಾಗಿ ಸಿಕ್ಕಿಬಿಟ್ಟಿದೆ. ಜಾಗತೀಕರಣದ ಬಗ್ಗೆ ಭಾಷಣವಿರಲಿ, ಊರು ಹಾಳಾದ ಬಗ್ಗೆ ಕವಿತೆಯಿರಲಿ, ಎಲ್ಲೋ ಒಂದು ಕಡೆ ಟ್ರಾಲಿ ತಳ್ಳಿಕೊಂಡು ಸೂಪರ್‌ಮಾರ್ಕೆಟ್ಟಿನಲ್ಲಿ ಅಲೆಯುವ ಮನುಷ್ಯ ಬಂದೇ ಬರುತ್ತಾನೆ. ಅವನ ಕಣ್ಣಲ್ಲಿ ಆಸೆ, ಟ್ರಾಲಿಯ ತುಂಬ ಬೇಡದ ಸಾಮಾನು, ಮನೆಯ ಪಕ್ಕದ ಶೆಟ್ಟರ ಅಂಗಡಿಯನ್ನು ಮರೆತ ಕೃತಘ್ನತೆ.

ಹಣಕಾಸಿನ ಉಪದೇಶ ಮಾಡುವವರ ಗುಂಪೊಂದಿದೆ. ಅವರ ದೂರು ಇದಕ್ಕೆ ಸರಿಯಾಗಿ ತಿರುಗುಮುರುಗು. ಬಡವರಿಗೆ ಲೆಕ್ಕ ಗೊತ್ತಿಲ್ಲ, ದಿನಾ ಮೂಲೆ ಅಂಗಡಿಯಿಂದ ಕಾಲು ಕೆಜಿ ಬೇಳೆ ತರುತ್ತಾರೆ, ತಿಂಗಳಿಗೊಮ್ಮೆ ರಿಯಾಯಿತಿ ಮಳಿಗೆಗೆ ಹೋಗಿ ಒಟ್ಟಿಗೆ ತಂದರೆ ಎಷ್ಟು ಉಳಿಯುತ್ತದೆ ಗೊತ್ತೇ, ಎನ್ನುತ್ತಾರೆ. ಒಬ್ಬರಿಗೆ ನಾವು ಅಲ್ಲಿಗೆ ಹೋದದ್ದು ತಪ್ಪು, ಇನ್ನೊಬ್ಬರಿಗೆ ಹೋಗದಿದ್ದದ್ದು ತಪ್ಪು. ಎಲ್ಲಿ ಕೊಳ್ಳುತ್ತೇವೆ ಎಂಬುದು ನಮ್ಮ ಗುಣಕ್ಕೆ, ಬುದ್ಧಿಗೆ ಸಂಬಂಧಿಸಿದ್ದು ಎಂದು ಮಾತ್ರ ಇಬ್ಬರೂ ನಂಬಿದ್ದಾರೆ. ಅದು ಹಾಗಲ್ಲ ಎಂದು ಹೇಳುವುದಕ್ಕೆ ಈ ಬರಹ.

ನಾನು ಖಾಸಗಿ ಕಾಲೇಜೊಂದರಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಪಾಠ ಮಾಡುತ್ತೇನೆ. ತರಗತಿ ನಡೆಯುವ ತಿಂಗಳುಗಳಲ್ಲಿ ದುಡ್ಡು ಬರುತ್ತದೆ, ರಜೆಯಲ್ಲಿ ಬರುವುದಿಲ್ಲ. ಹಾಗಾಗಿ ನಮ್ಮ ಮೂರು ಜನರ ಮನೆ ವರ್ಷದಲ್ಲಿ ಎರಡು ಬಗೆಯ ಗಿರಾಕಿಯಾಗಿರುತ್ತದೆ. ಫೆಬ್ರವರಿಯಲ್ಲಿ ರಿಯಾಯಿತಿ ಮಳಿಗೆಯಿಂದ ಎರಡು ಕೆಜಿಯ ತೊಗರಿಬೇಳೆ ಪ್ಯಾಕೆಟ್ಟನ್ನು 260 ರೂಪಾಯಿಗೆ ತಂದೆ. ಮೇ ತಿಂಗಳಲ್ಲಿ ಅದೇ ಬೇಳೆಯನ್ನು ಬೀದಿಯ ಅಂಗಡಿಯಿಂದ ಕಾಲು ಕೆಜಿಗೆ 40 ರೂಪಾಯಿಯಂತೆ ತಂದೆ. ಫೆಬ್ರವರಿಯಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು 750 ರೂಪಾಯಿ, ಎಂದರೆ ಲೀಟರಿಗೆ 150. ಮೇನಲ್ಲಿ 200 ಮಿಲಿಯ ಪೌಚು 35 ರೂಪಾಯಿ, ಎಂದರೆ ಲೀಟರಿಗೆ 175. ಫೆಬ್ರವರಿಯಿಂದ ಮೇ ತಿಂಗಳಿಗೆ ನಾನು ಲೆಕ್ಕ ಮರೆತಿರಲಿಲ್ಲ. ದುಂದುಗಾರಿಕೆ ಕಲಿತಿರಲಿಲ್ಲ. ಒಂದೇ ತಲೆ, ಒಂದೇ ಚೀಲ, ಒಂದೇ ಅಡುಗೆಮನೆ. ಬಡತನ ಹೆಚ್ಚಾದ ತಿಂಗಳಲ್ಲಿ ಬೇಳೆ ತುಟ್ಟಿಯಾಯಿತು, ಅಷ್ಟೇ.

ಬೇಳೆಯ ಲೆಕ್ಕವನ್ನೇ ಇನ್ನೊಂದು ರೀತಿ ಮಾಡಿ ನೋಡಿ. ಎರಡು ಕೆಜಿಯನ್ನು ಕಾಲು ಕಾಲು ಕೆಜಿಯಾಗಿ ಕೊಂಡರೆ 320 ರೂಪಾಯಿ, ಒಟ್ಟಿಗೆ ಕೊಂಡರೆ 260. ತಿಂಗಳ ಮೊದಲ ದಿನ 260 ರೂಪಾಯಿ ಎತ್ತಿಡಬಲ್ಲವನಿಗೆ 60 ರೂಪಾಯಿ ಉಳಿತಾಯ. ನೂರಕ್ಕೆ 23ರಂತೆ, ಅದೂ ಒಂದೇ ತಿಂಗಳಿಗೆ. ಯಾವ ಬ್ಯಾಂಕು ಕೊಡುತ್ತದೆ ಈ ಬಡ್ಡಿ? ನಾವು ರಿಯಾಯಿತಿ ಎಂದು ಕರೆಯುತ್ತಿರುವುದು ಇದನ್ನೇ. ಕೈಯಲ್ಲಿ ಒಟ್ಟಿಗೆ ದುಡ್ಡಿದ್ದವನಿಗೆ ಅವನ ಬಂಡವಾಳದ ಮೇಲೆ ಸಿಗುವ ಬಡ್ಡಿ ಅದು. 40 ರೂಪಾಯಿ ಮಾತ್ರ ಇದ್ದವನು ಆ ಬಡ್ಡಿಯನ್ನು ತಾನೇ ತೆರುತ್ತಾನೆ.

ಮಳಿಗೆಗಳೂ ಇದೇ ಸೂತ್ರದಿಂದ ಬೆಳೆದಿವೆ. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದ ಡಿಮಾರ್ಟ್ ಹೇಗೆ ಅಗ್ಗವಾಗಿ ಮಾರುತ್ತದೆ ಎಂಬುದು ಗುಟ್ಟೇನಲ್ಲ. ಕಟ್ಟಡಗಳಲ್ಲಿ ಹೆಚ್ಚಿನವು ಅದರ ಸ್ವಂತದ್ದು, ಹಾಗಾಗಿ ಬಾಡಿಗೆಯ ಹೊರೆ ಕಡಿಮೆ. ಸರಕು ಕೊಟ್ಟವರಿಗೆ ಬೇಗ ಹಣ ಕೊಡುತ್ತದೆ, ಹಾಗಾಗಿ ಅವರು ದರ ಇಳಿಸುತ್ತಾರೆ. ಇದರಲ್ಲಿ ಮೋಸವಿಲ್ಲ. ಆದರೆ ತಿಂಗಳುಗಟ್ಟಲೆ ಸಾಲದ ಮೇಲೆ ಸರಕು ತರುವ ಬೀದಿ ಅಂಗಡಿಯವರಿಗೆ ಆ ದರ ಸಿಗುವುದಿಲ್ಲ. ಉದ್ರಿ ಬರೆಸುವ ಗಿರಾಕಿಗಂತೂ ಇನ್ನೂ ಸಿಗುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ನಿಯಮ ಒಂದೇ: ಮೊದಲು ದುಡ್ಡು ಇಟ್ಟವನಿಗೆ ಕಡಿಮೆ ಬೆಲೆ.

ಇನ್ನು ಮಳಿಗೆಯವರೆಗೆ ಹೋಗಬೇಕಲ್ಲ. ಇಂಥ ಅಂಗಡಿಗಳು ಹೆಚ್ಚಾಗಿ ಊರ ಅಂಚಿನಲ್ಲಿ, ವರ್ತುಲ ರಸ್ತೆಗಳ ಪಕ್ಕ, ದೊಡ್ಡ ಪಾರ್ಕಿಂಗ್ ಜಾಗದೊಂದಿಗೆ ಇರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು ನಿಜ. ಆದರೆ ಹತ್ತು ಕೆಜಿ ಸಾಮಾನು ಹೊತ್ತು ಸಂಜೆಯ ಬಸ್ಸು ಹತ್ತುವುದು, ಸ್ಟಾಪಿನಿಂದ ಮನೆಗೆ ನಡೆಯುವುದು, ಅರ್ಧ ದಿನದ ಕೂಲಿ ಬಿಡುವುದು ಯಾವ ಯೋಜನೆಯಲ್ಲೂ ಇಲ್ಲ. ತಂದ ಮೇಲೆ ಇಡಲು ಹುಳ ಹಿಡಿಯದ ಡಬ್ಬಗಳೂ ಇಲಿ ಬಾರದ ಜಾಗವೂ ಬೇಕು. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಗೆ 'ಒಟ್ಟಿಗೆ ತಂದಿಡಿ' ಎನ್ನುವವರು ಎಲ್ಲಿಡಬೇಕು ಎಂಬುದನ್ನೂ ಹೇಳಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಕಾಲು ಕೆಜಿ ಬೇಳೆ ತರುವವಳು ಅದನ್ನೇ ಮಾಡುತ್ತಿದ್ದಾಳೆ. ಆಕೆ ಸಾಲ ಮಾಡಿಲ್ಲ, ಕೈಯಲ್ಲಿದ್ದಷ್ಟಕ್ಕೆ ಕೊಂಡಿದ್ದಾಳೆ. ಗಾದೆಯನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಮಾರುಕಟ್ಟೆ ಆಕೆಗೆ ದಂಡ ಹಾಕುತ್ತದೆ, ಉಪದೇಶಕರು ಆಕೆಗೆ ಗಣಿತ ಹೇಳಿಕೊಡಲು ಬರುತ್ತಾರೆ.

ಚಿಕ್ಕ ಪೊಟ್ಟಣಕ್ಕೆ ಪ್ಯಾಕಿಂಗ್ ಖರ್ಚು ಹೆಚ್ಚು, ಆದ್ದರಿಂದ ದರ ಹೆಚ್ಚು ಎಂಬ ಸಮಜಾಯಿಷಿ ಇದೆ. ಸ್ವಲ್ಪ ಮಟ್ಟಿಗೆ ಒಪ್ಪೋಣ. ಹಾಗಾದರೆ ಶಾಂಪೂ? ನಮ್ಮ ದೇಶದಲ್ಲಿ ಒಂದೆರಡು ರೂಪಾಯಿಯ ಸ್ಯಾಶೆಯೊಳಗಿನ ಶಾಂಪೂ ಮಿಲಿ ಲೆಕ್ಕದಲ್ಲಿ ದೊಡ್ಡ ಬಾಟಲಿಯದಕ್ಕಿಂತ ಅಗ್ಗವಾಗಿರುವುದು ಸಾಮಾನ್ಯ. ಬಡವರನ್ನು ಗಿರಾಕಿಗಳನ್ನಾಗಿ ಮಾಡಿಕೊಳ್ಳಬೇಕು ಎಂದು ಕಂಪನಿಗಳಿಗೆ ಅನ್ನಿಸಿದಾಗ ಚಿಕ್ಕ ಪೊಟ್ಟಣವೂ ಅಗ್ಗವಾಗುತ್ತದೆ. ಶಾಂಪೂ ಇಲ್ಲದೆ ಬದುಕಬಹುದು, ಅದಕ್ಕೇ ಅದರಲ್ಲಿ ಆಮಿಷ ಬೇಕು. ಬೇಳೆ ಇಲ್ಲದೆ ಆಗುವುದಿಲ್ಲ. ಎಷ್ಟಾದರೂ ಕೊಟ್ಟು ಕೊಳ್ಳುತ್ತಾರೆ ಎಂದು ಗೊತ್ತಿರುವಾಗ ಆಮಿಷವೇಕೆ?

ಈಗ ಆ ಹೆಸರಾಂತ ಎಂಆರ್‌ಪಿಗೆ ಬರೋಣ. ಗರಿಷ್ಠ ಮಾರಾಟ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ದಿನಸಿಯ ವಿಷಯದಲ್ಲಿ ಹಾಗಿಲ್ಲ. ಪೊಟ್ಟಣ ಮಾಡಿದವರೇ ಅದನ್ನು ಅಚ್ಚು ಹಾಕುತ್ತಾರೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬುದಷ್ಟೇ ಕಾನೂನು. ಎಂಆರ್‌ಪಿ ಮೇಲೆ ಇಷ್ಟು ಕಡಿತ ಎಂಬ ಫಲಕ ನೋಡಿ ಸಂತೋಷಪಡುವಾಗ, ಮಾರುವ ಕಡೆಯವರೇ ಬರೆದ ಅಂಕಿಯಿಂದ ಮಾರುವ ಕಡೆಯವರೇ ಕಳೆದ ಲೆಕ್ಕಕ್ಕೆ ನಾವು ಸಂತೋಷಪಡುತ್ತಿರುತ್ತೇವೆ.

ನಿಜವಾದ ಹೋಲಿಕೆಗೆ ಬೇಕಾದದ್ದು ಅಳತೆಯ ದರ. 2011ರ ಪೊಟ್ಟಣ ಸರಕು ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತಂದು, ಪೊಟ್ಟಣದ ಮೇಲೆ ಅದನ್ನೂ ಮುದ್ರಿಸಬೇಕು ಎಂದರು. ಒಳ್ಳೆಯದೇ. ಆದರೆ ಒಂದು ಕೆಜಿಗಿಂತ ಕಡಿಮೆಯಿದ್ದರೆ ಗ್ರಾಮಿಗೆ ಇಷ್ಟು ಎಂದು, ಹೆಚ್ಚಿದ್ದರೆ ಕೆಜಿಗೆ ಇಷ್ಟು ಎಂದು ಬರೆಯಬೇಕಂತೆ. ಅರ್ಧ ಕೆಜಿಯ ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆ 0.16 ರೂಪಾಯಿ, ಎರಡು ಕೆಜಿಯದರ ಮೇಲೆ ಕೆಜಿಗೆ 155 ರೂಪಾಯಿ ಎಂದಿರುತ್ತದೆ. ಗ್ರಾಮಿಗೆ 0.16 ಎಂದರೆ ಕೆಜಿಗೆ 155ರಿಂದ 165ರ ನಡುವೆ ಎಷ್ಟೂ ಆಗಬಹುದು. ಯಾರಿಗೆ ಹತ್ತು ರೂಪಾಯಿ ಮುಖ್ಯವೋ ಅವರಿಗೇ ಕಾಣದ ಹಾಗೆ ಆ ಹತ್ತು ರೂಪಾಯಿಯನ್ನು ದಶಾಂಶದೊಳಗೆ ಮಡಚಿಟ್ಟಿದ್ದಾರೆ. ಅದೂ ಸಾಸಿವೆ ಗಾತ್ರದ ಅಕ್ಷರದಲ್ಲಿ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಎಂಆರ್‌ಪಿಯ ಲೆಕ್ಕಕ್ಕೆ. ನಾವು ಕೊಡುವ ಕಡಿತದ ಬೆಲೆಗೆ ಕೆಜಿಗೆಷ್ಟು ಬಿತ್ತು ಎಂಬುದು ಅದರಲ್ಲಿ ಇರುವುದಿಲ್ಲ. ಪ್ಯಾಕೆಟ್ಟುಗಳ ತೂಕವೂ ಒಂದೇ ತೆರನಲ್ಲ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲಿ ಅದೇ ಗಾತ್ರದಂತೆ ಕಾಣುವ 850 ಗ್ರಾಮಿನ ಪೌಚು ಇರುತ್ತದೆ. ರ‍್ಯಾಕಿನ ಮುಂದೆ ಮೊಬೈಲು ತೆಗೆದು ಭಾಗಾಕಾರ ಮಾಡುತ್ತ ನಿಂತವರನ್ನು ನೋಡಿದಾಗ ದಯವಿಟ್ಟು ಅವರನ್ನು ಕೊಳ್ಳುಬಾಕರು ಎನ್ನಬೇಡಿ.

ಹಾಗಾದರೆ ಶೆಟ್ಟರ ಅಂಗಡಿಯೇ ಒಳ್ಳೆಯದಿತ್ತೇ? ಸಾಹಿತ್ಯದವರ ಈ ಹಳಹಳಿಕೆಗೂ ನನ್ನ ತಕರಾರಿದೆ. ಉದ್ರಿ ಪುಸ್ತಕ ಎಷ್ಟೋ ಮನೆಗಳನ್ನು ಉಪವಾಸದಿಂದ ಕಾಪಾಡಿದೆ, ನಮ್ಮದನ್ನೂ. ಆದರೆ ಬಾಕಿ ಇರುವವರು ಕಲ್ಲು ಸಿಕ್ಕ ಅಕ್ಕಿಯ ಬಗ್ಗೆ ದನಿ ಎತ್ತುವುದಿಲ್ಲ, ತಕ್ಕಡಿಯ ಮುಳ್ಳು ನೋಡುವುದಿಲ್ಲ. ದಲಿತ ಕೇರಿಯಿಂದ ಬಂದವರಿಗೆ ಸಾಮಾನನ್ನು ಕೈಗೆ ಕೊಡದೆ ಎಸೆದ ಅಂಗಡಿಗಳ ನೆನಪು ಬಹಳ ಹಳೆಯದೇನಲ್ಲ. ರಿಯಾಯಿತಿ ಮಳಿಗೆಯಲ್ಲಿ ಯಾರು ಬೇಕಾದರೂ ಯಾವ ಪ್ಯಾಕೆಟ್ಟನ್ನಾದರೂ ಮುಟ್ಟಿ, ತಿರುಗಿಸಿ ನೋಡಿ, ವಾಪಸ್ ಇಡಬಹುದು. ಅಲ್ಲಿ ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಮಧ್ಯಮವರ್ಗದ ಲೇಖಕನಿಗೆ ಆತ್ಮೀಯತೆ ಕಳೆದುಹೋದಂತೆ ಕಾಣುವ ಜಾಗದಲ್ಲಿ ಇನ್ನೊಬ್ಬರಿಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿರಬಹುದು.

ನನ್ನ ಬೇಡಿಕೆ ಹಳೆಯ ಅಂಗಡಿಯದ್ದೂ ಅಲ್ಲ, ಹೊಸ ಮಳಿಗೆಯದ್ದೂ ಅಲ್ಲ. ಕಡಿಮೆ ಕೊಳ್ಳುವವರಿಗೂ ಅದೇ ದರ ಸಿಗಬೇಕು ಎಂಬುದು. ಇದು ಹುಚ್ಚು ಕನಸಲ್ಲ, ನಮ್ಮಲ್ಲಿ ಅದಕ್ಕೊಂದು ಹೆಸರೇ ಇದೆ: ನ್ಯಾಯಬೆಲೆ ಅಂಗಡಿ. ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಯಾಯಿತಿ ಎಂಬುದು ಅರಬ್ಬಿಯಲ್ಲಿ ಹುಟ್ಟಿ ಫಾರಸಿಯ ಮೂಲಕ ನಮಗೆ ಬಂದ ಪದ. ಮೇಲಿದ್ದವರು ಕೆಳಗಿನವರಿಗೆ ತೋರಿಸುವ ಕೃಪೆ ಅದರ ಒಳಗಿದೆ. ನ್ಯಾಯಬೆಲೆಯಲ್ಲಿ ಕೃಪೆಯಿಲ್ಲ, ಹಕ್ಕಿದೆ. ಈ ವ್ಯತ್ಯಾಸವನ್ನು ಸರ್ಕಾರವೇ ಒಮ್ಮೆ ಮರೆತಿತು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ಹಣ ಹಾಕಲಾಯಿತು. 34 ರೂಪಾಯಿ ಭಾರತೀಯ ಆಹಾರ ನಿಗಮದ ದರ, ಎಂದರೆ ಸರ್ಕಾರ ಲಾರಿಗಟ್ಟಲೆ ಕೊಳ್ಳುವಾಗಿನ ದರ. ಆ ದುಡ್ಡು ಹಿಡಿದು ಚಿಲ್ಲರೆ ಅಂಗಡಿಗೆ ಹೋದವರಿಗೆ ಆ ದರದಲ್ಲಿ ಅಕ್ಕಿ ಕೊಡುವವರು ಯಾರಿದ್ದರು? ಸಗಟು ಬೆಲೆಯ ಹಣ ಕೊಟ್ಟು ಚಿಲ್ಲರೆ ಮಾರುಕಟ್ಟೆಗೆ ಕಳಿಸಿದರೆ ಬಡವರು ದಾರಿಯಲ್ಲೇ ಸೋಲುತ್ತಾರೆ.

2023-24ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳ ಖರ್ಚಿನಲ್ಲಿ ನೂರಕ್ಕೆ ಸುಮಾರು 47, ನಗರದವರ ಖರ್ಚಿನಲ್ಲಿ ಸುಮಾರು 40 ಪಾಲು ಆಹಾರಕ್ಕೆ ಹೋಗುತ್ತದೆ. ಇದು ಸರಾಸರಿ. ಸರಾಸರಿಗಿಂತ ಕೆಳಗಿನವರಿಗೆ ಬೇಳೆ-ಎಣ್ಣೆಯ ದರವೇ ಬದುಕಿನ ದರ.

ಮಾಡಬಹುದಾದದ್ದು ಇದೆ. ಎಲ್ಲ ಪೊಟ್ಟಣಕ್ಕೂ ಒಂದೇ ಅಳತೆಯ ದರ, ಕೆಜಿಗೆ ಅಥವಾ ಲೀಟರಿಗೆ ಇಷ್ಟು ಎಂದು, ರ‍್ಯಾಕಿನ ಮೇಲೆ, ನಿಜವಾಗಿ ಮಾರುವ ಬೆಲೆಗೆ, ಕನ್ನಡದಲ್ಲಿ, ಓದಲಾಗುವ ಗಾತ್ರದಲ್ಲಿ ಬರೆಯಲಿ. ಇದಕ್ಕೆ ಒಂದು ಆದೇಶ ಸಾಕು. ಎರಡನೆಯದು ನಮ್ಮ ಕೈಯಲ್ಲೇ ಇದೆ. ಬಂಡವಾಳವಿಲ್ಲದವರು ಚಿಲ್ಲರೆಯನ್ನು ಕೂಡಿಸಿ ಬಂಡವಾಳ ಮಾಡಿಕೊಳ್ಳಬಹುದು ಎಂದು 1905ರಲ್ಲೇ ಗದಗದ ಕಣಗಿನಹಾಳ ಸಹಕಾರ ಸಂಘ ಕಟ್ಟಿ ತೋರಿಸಿತ್ತು. ವಾರವಾರ ಉಳಿತಾಯ ಕಟ್ಟುವ ಸ್ತ್ರೀಶಕ್ತಿ ಸಂಘಗಳು ಇಂದು ಊರೂರಲ್ಲಿವೆ. ಅವು ಸಾಲ ಕೊಡುವುದರ ಜೊತೆಗೆ ತಿಂಗಳಿಗೊಂದು ಮೂಟೆ ಬೇಳೆ ತಂದು, ಕಾಲು ಕೆಜಿ ಕೇಳಿದವಳಿಗೂ ಮೂಟೆಯ ದರದಲ್ಲಿ ಅಳೆದು ಕೊಡಬಹುದು. ರೂಮು ಮಾಡಿಕೊಂಡು ಓದುತ್ತಿರುವ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಐದು ಲೀಟರ್ ಎಣ್ಣೆ ತರುವಾಗ ಮಾಡುವುದೂ ಇದನ್ನೇ.

ಬರೆಯುವವರಿಗೆ ನನ್ನದೊಂದು ಮಾತಿದೆ. ಕೊಳ್ಳುಬಾಕತನದ ಬಗ್ಗೆ ಬರೆಯಲೇಬೇಕೆಂದಿದ್ದರೆ ಚಿನ್ನದಂಗಡಿಗಳಿವೆ, ಕಾರಿನ ಶೋರೂಮುಗಳಿವೆ, ಮೂರನೆಯ ಸೈಟು ಕೊಳ್ಳುವವರಿದ್ದಾರೆ. ಬೇಳೆಯ ರ‍್ಯಾಕಿನ ಮುಂದೆ ನಿಂತವರ ಟ್ರಾಲಿಯೊಳಗೆ ಇಣುಕುವ ಮುನ್ನ ಅವರ ಕೈಯಲ್ಲಿರುವ ಚೀಟಿ ಓದಿ. ಅದರಲ್ಲಿ ಬರೆದು, ಮತ್ತೆ ಹೊಡೆದುಹಾಕಿದ ಸಾಮಾನುಗಳೆಷ್ಟು ಎಂದು ಎಣಿಸಿ. ಆಮೇಲೆ ಬರೆಯಿರಿ.