ಕುದುರೆಗೆ ಯಾವ ಮಾಧ್ಯಮ?

ಸವಾರಿ ಕಲಿಯಬೇಕಾದರೆ ಯಜಮಾನ ಯಾರು ಅಂತ ಕುದುರೆಗೆ ಮೊದಲು ತೋರಿಸಬೇಕು ಎನ್ನುವವರು ನಮ್ಮಲ್ಲಿ ಬಹಳ. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯೇರಿದ ಚೆನ್ನಮ್ಮನನ್ನು ನೋಡುತ್ತ ಬೆಳೆದ ನಾನೂ ಹಾಗೇ ತಿಳಿದಿದ್ದೆ. ಈಗ ಆ ಮಾತನ್ನು ಒಪ್ಪಲಾರೆ.

ರಜೆಯಲ್ಲಿ ನಾಸಿಕದ ಅಂಬಡಕ್ಕೆ ಹೋಗಿದ್ದೆ. ಅದು ಕಾರ್ಖಾನೆಗಳ ಜಾಗ. ಸೋದರಮಾವ ಅಲ್ಲೇ ಪಾಳಿ ಕೆಲಸದಲ್ಲಿದ್ದಾರೆ. ಅವರ ಓಣಿಯ ಹಿಂದೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಕಾಕಾ ಒಬ್ಬರಿದ್ದರು. ಅವರದೊಂದು ಬಿಳಿ ಹೆಣ್ಣುಕುದುರೆ. ನನ್ನ ಮರಾಠಿ ಅಷ್ಟಕ್ಕಷ್ಟೇ, ಕಾಕಾಗೆ ಕನ್ನಡ ಬಾರದು. ಕುದುರೆಗಂತೂ ಎರಡೂ ಬೇಕಿರಲಿಲ್ಲ!

ಮೊದಲ ದಿನ ಹತ್ತಿ ಕೂತು ‘ನಡಿಯೇ ತಾಯಿ’ ಅಂದೆ. ಜಪ್ಪಯ್ಯ ಅಂದರೂ ಕದಲಲಿಲ್ಲ. ಹಿಮ್ಮಡಿಯಿಂದ ಒದೆಯುತ್ತಿದ್ದೆ, ಬೀಳುವ ಭಯಕ್ಕೆ ಲಗಾಮನ್ನೂ ಜಗ್ಗಿ ಹಿಡಿದಿದ್ದೆ. ಅಂದರೆ ಹೋಗು ಅಂತಲೂ ನಾನೇ, ನಿಲ್ಲು ಅಂತಲೂ ನಾನೇ. ಮೊಂಡು ಕುದುರೆ ಎಂದು ಸಿಟ್ಟಿಗೆದ್ದು ಬೆತ್ತದಿಂದ ಒಂದು ಬಾರಿಸಿದೆ. ಅದರ ಕಿವಿಗಳು ಹಿಂದಕ್ಕೆ ಅಂಟಿಕೊಂಡವು, ಮೈ ನಡುಗಿತು. ಕಾಕಾ ಬೈಯಲಿಲ್ಲ. ಇಳಿಸಿ, ಬೆತ್ತ ಕಿತ್ತುಕೊಂಡು, ನನ್ನ ಅಂಗೈಯನ್ನು ಅದರ ಕುತ್ತಿಗೆಯ ಮೇಲಿಟ್ಟರು. ಮುಂದೆ ಮೂರು ದಿನ ಹತ್ತಿಸಲೇ ಇಲ್ಲ. ಲದ್ದಿ ಬಳಿಯುವುದು, ಮೈ ಉಜ್ಜುವುದು, ಅಷ್ಟೇ.

ಕುದುರೆಯ ಕಣ್ಣುಗಳು ತಲೆಯ ಪಕ್ಕಗಳಲ್ಲಿವೆ. ಸುತ್ತಲೂ ಕಂಡರೂ ನೇರ ಬೆನ್ನ ಹಿಂದೆ ನಿಂತವರು ಕಾಣುವುದಿಲ್ಲ. ನಾನೋ, ದಿನಾ ಹಿಂದಿನಿಂದಲೇ ಹೋಗಿ ಮುಟ್ಟುತ್ತಿದ್ದೆ!

ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಫುಂಗ್‌ಸ್ಟ್ ಎಂಬಾತ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು: ಉತ್ತರದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವನ ತಲೆ ಅವನಿಗೇ ಅರಿವಿಲ್ಲದಂತೆ ತುಸು ಅಲುಗುತ್ತಿತ್ತು, ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಲೆಕ್ಕ ಬರುತ್ತಿರಲಿಲ್ಲ, ನಿಜ. (ನಮ್ಮ ಕಾಮರ್ಸ್ ತರಗತಿಯಲ್ಲೂ ಅಂಥವರಿದ್ದೇವೆ.) ಆದರೆ ಮನುಷ್ಯನನ್ನು ಅಷ್ಟು ಗಮನವಿಟ್ಟು ಓದುವ ಪ್ರಾಣಿಯನ್ನು ಬೆತ್ತದಿಂದ ಮಾತಾಡಿಸುವುದೇ?

ಹತ್ತನೆಯ ತನಕ ಕನ್ನಡದಲ್ಲಿ ಓದಿ ಬಂದು, ಇಂಗ್ಲಿಷ್ ಪಾಠದಲ್ಲಿ ಬಾಯಿ ಬಿಡದೆ ಕೂತವರನ್ನೂ ಮೊಂಡರು ಅನ್ನುತ್ತಾರೆ, ಗೆಳೆಯರೇ. ಆ ಮಾತು ಹೇಗೆ ಚುಚ್ಚುತ್ತದೆಂದು ಗೊತ್ತಿದ್ದ ನಾನೇ ಬೆತ್ತ ಎತ್ತಿದ್ದೆ.

ಐದನೆಯ ದಿನ ಮತ್ತೆ ಹತ್ತಿದೆ. ಲಗಾಮು ಸಡಿಲಿಸಿ, ಉಸಿರು ಬಿಟ್ಟು, ಎರಡೂ ಕಾಲಿನಿಂದ ಮೆಲ್ಲಗೆ ಒತ್ತಿದೆ. ಒಂದು ಕಿವಿ ನನ್ನ ಕಡೆ ತಿರುಗಿತು. ನಡೆಯಿತು. ಕಾಕಾ ಬೀಡಿ ಹಚ್ಚುತ್ತ, ‘ಆತಾ ಬರೋಬರ್’ ಅಂದರು.